ತೊಗರಿ ಹೊಲದೊಳಗಿನ ಸೈಕಲ್ ದಾರಿ

ದಾನೇಶ್ವರಿಗೆ ಎರಡು ದಾರಿಗಳು ಬಾಯಿಪಾಠ. ಒಂದು, ಸಂಬಳ ಕೊಟ್ಟು ಓಡಾಡಿಸುವ ದಾರಿ: ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳ, ಅಲ್ಲಿಂದ ವಾಪಸ್ಸು, ದಿನಕ್ಕೊಮ್ಮೆ ಇಂಗಳೇಶ್ವರ. ಆ ದಾರಿಯಲ್ಲಿ ಅವಳು ಖಾಕಿ ತೊಟ್ಟ ಬಸ್ ಕಂಡಕ್ಟರ್. ಸೀಟಿಗಾಗಿ ಟವೆಲ್ ಎಸೆಯುವವರು, ಆಧಾರ್ ಕಾರ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಿಚ್ಚಲಾಗದೆ ಒದ್ದಾಡುವವರು, ಎಲ್ಲರ ಸದ್ದಿನ ಮೇಲೆ ತನ್ನ ಸದ್ದು ಏರಿಸಿ ಬದುಕಬೇಕು.

ಇನ್ನೊಂದು ದಾರಿಗೆ ಹೆಸರಿಲ್ಲ. ಇಂಗಳೇಶ್ವರದ ಕಡೆಗೆ ಹೊರಟು ಡಾಂಬರು ಬಿಟ್ಟು ಬಲಕ್ಕೆ ಇಳಿದರೆ ಒಂದು ಮೊಳದಗಲದ ಕಾಲುದಾರಿ. ಕಪ್ಪು ಮಣ್ಣಿನ ಎರಿಹೊಲಗಳ ಬದುವಿನ ಮೇಲೆ ಓಡಿ, ಹಳ್ಳಕ್ಕೆ ಇಳಿದು, ಗುಡ್ಡದ ಸೆರಗಿನ ಗರಸು ನೆಲದಲ್ಲಿ ಕಲ್ಲುಗಳ ನಡುವೆ ಸೊಂಟ ತಿರುವುತ್ತ ಏರಿ, ಮತ್ತೆ ಧಡಧಡನೆ ಕೆಳಗಿಳಿಯುತ್ತದೆ. ಇಬ್ಬರು ಜೋಡಿಯಾಗಿ ಹೋಗಲು ಬಾರದ ದಾರಿ. ವಾರದ ರಜೆಯ ದಿನ ದಾನೇಶ್ವರಿ ದಪ್ಪ ಗಾಲಿಯ ಗುಡ್ಡದ ಸೈಕಲ್ ಏರಿ ಅಲ್ಲಿಗೆ ಹೋಗುತ್ತಿದ್ದಳು. ಸಣ್ಣವಳಿದ್ದಾಗ ವಿಜಯಪುರದ ಕ್ರೀಡಾ ಶಾಲೆಯಲ್ಲಿದ್ದು ರೇಸು ಹೊಡೆದವಳು. ಮೆಡಲುಗಳು ಈಗ ಟ್ರಂಕಿನಲ್ಲಿವೆ, ಕಾಲಿನ ಚಟ ಮಾತ್ರ ಟ್ರಂಕಿಗೆ ಹೋಗಲಿಲ್ಲ. "ಆರು ದಿನ ಬಸ್ಸಿನಾಗ ಕುಲುಕಿಸ್ಕೊಂಡಿದ್ದು ಸಾಲಲಿಲ್ಲೇನ ನಿನಗ?" ಎಂದು ಗಂಡ ಅನಿಲ ಕಾಡುತ್ತಿದ್ದ. ಅವಳು ನಕ್ಕು ಗಾಲಿಗೆ ಗಾಳಿ ಹೊಡೆಯುತ್ತಿದ್ದಳು.

ಹಳ್ಳಕ್ಕೆ ಇಳಿಯುವ ಮೊದಲು ಆ ದಾರಿ ಒಂದು ಹೊಲವನ್ನು ಓರೆಯಾಗಿ ದಾಟುತ್ತದೆ. ಅದು ಸಿದ್ದಲಿಂಗವ್ವನ ಹೊಲ. ಹಳೆಯ ಕೊಲ್ಹಾರ ಊರು ಅಣೆಕಟ್ಟಿನಿಂದ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದಾಗ ಮನೆ, ಹೊಲ ಎರಡನ್ನೂ ಬಿಟ್ಟು ಬಂದು ಇಲ್ಲಿ ಬೇರು ಬಿಟ್ಟ ಮುದುಕಿ. ಈಗಲೂ ಬಿತ್ತಿಗೆಗೆ ಟ್ರ್ಯಾಕ್ಟರ್ ಬೇಡ ಎನ್ನುತ್ತಾಳೆ. ಮಗ ರೇವಪ್ಪ ಎತ್ತು ಹೊಡೆಯಬೇಕು, ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಕಾಳು ಬಿಡುವುದು ಇವಳೇ. ಕಾಳು ಒಂದೆಡೆ ದಟ್ಟ, ಒಂದೆಡೆ ತೆಳ್ಳಗೆ ಬೀಳದ ಹಾಗೆ ಬಿಡುವ ಅವಳ ಕೈಯನ್ನು ಊರೇ ಮೆಚ್ಚುತ್ತದೆ, ಅವಳೂ ಆ ಮಾತಿನಲ್ಲಿ ಸಂಕೋಚ ಇಟ್ಟುಕೊಂಡವಳಲ್ಲ. ದಾನೇಶ್ವರಿ ಅಲ್ಲಿಗೆ ಬಂದರೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಪ್ಪದೆ ಸಿಗುತ್ತಿತ್ತು. "ಹೆಣ್ಣಮಗಳು ಹಿಂಗ ಗುಡ್ಡಾ ಬೆನ್ನ ಹತ್ತಿದ್ರ ಮನ್ಯಾಗ ರೊಟ್ಟಿ ಯಾರ ಬಡೀತಾರ?" ಎಂದು ಕೇಳುವುದೂ ತಪ್ಪುತ್ತಿರಲಿಲ್ಲ.

ಯುಗಾದಿ ಮುಗಿದ ಮೇಲೆ ಬಾಗೇವಾಡಿಯ ಕಾಲೇಜಿನ ನಾಲ್ಕಾರು ಹುಡುಗಿಯರು ದಾನೇಶ್ವರಿಯ ಬೆನ್ನುಬಿದ್ದರು. ನಮ್ಮನ್ನೂ ಆ ದಾರಿಗೆ ಕರೆದೊಯ್ಯಿರಿ ಎಂದರು. ಹರಗಿ ಮಣ್ಣು ಸಡಿಲಿಸಿದ ಹೊಲದಲ್ಲಿ ಹೊಸಬರಿಗೆ ತಿರುವು ತಿಳಿಯುವುದಿಲ್ಲ. ಮನೆಗೆ ಬಳಿದು ಉಳಿದ ಸುಣ್ಣ ಇತ್ತು. ಶುಕ್ರವಾರ ಡ್ಯೂಟಿ ಮುಗಿಸಿ, ಬಟ್ಟೆ ಬದಲಿಸಲೂ ನಿಲ್ಲದೆ ಹೋಗಿ, ತಿರುವು ತಿರುವಿಗೆ ಒಂದೊಂದು ಕಲ್ಲಿಟ್ಟು ಸುಣ್ಣ ಹಚ್ಚಿ ಬಂದಳು. ರವಿವಾರ ಸಿದ್ದಲಿಂಗವ್ವ ಹೊಲಕ್ಕೆ ಬಂದಿರಲಿಲ್ಲ. ಹುಡುಗಿಯರು ಬಿದ್ದರು, ಎದ್ದರು, ಮೊಣಕಾಲು ತರಚಿಕೊಂಡು ನಕ್ಕರು. ಅಷ್ಟು ಹಿಗ್ಗಿನ ದಿನ ಅವಳಿಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ಮುಂದಿನ ವಾರ ಹೋದರೆ ದಾರಿಯ ಬಾಯಿಗೆ ಜಾಲಿಮುಳ್ಳು ಬಿದ್ದಿತ್ತು. ಗಾಳಿಗೆ ಬಂದು ಬಿದ್ದದ್ದಲ್ಲ, ಮೇಲೆ ಕಲ್ಲು ಹೇರಿ ಹಾಕಿದ್ದು. ಸೈಕಲ್ಲನ್ನು ಬದುವಿಗೆ ಆನಿಸಿ ದಾನೇಶ್ವರಿ ನಡೆದು ಹೋದಳು. ಬೇವಿನ ಗಿಡದ ಕೆಳಗೆ ಸಿದ್ದಲಿಂಗವ್ವ ಕುಳಿತಿದ್ದಳು. ತಂಬಿಗೆ ಪಕ್ಕದಲ್ಲೇ ಇತ್ತು, ಕೈ ಅದರ ಕಡೆ ಹೋಗಲಿಲ್ಲ.

"ಯಾಕ್ರಿ ಆಯಿ, ನನ್ನಿಂದ ಏನರ ತಪ್ಪಾತೇನ್ರಿ? ಗಾಲಿ ದಾರಿ ಬಿಟ್ಟು ಹೊಲದಾಗ ಹಾದೂವೇನ್ರಿ?"

"ಅಳತಿ ಮುಗೀತಿಲ್ಲೋ? ಇನ್ನೇನ ಉಳಿದೈತಿ?"

"ಯಾತರ ಅಳತಿರಿ?"

"ಖಾಕಿ ಹಾಕ್ಕೊಂಡು ಬಂದು ಸುಣ್ಣದ ಕಲ್ಲ ಇಟ್ಟು ಹೋಗಿದ್ದ ನಮ್ಮ ಮಂದಿ ನೋಡ್ಯಾರ. ಕೊಲ್ಹಾರದಾಗೂ ಮೊದಲ ಸುಣ್ಣದ ಕಲ್ಲ ಬಂದ್ವು. ಹಿಂದಾಗಡೆ ನೀರು ಬಂತು." ಮುದುಕಿಯ ದನಿ ಏರಲಿಲ್ಲ. "ವಾರಾ ವಾರಾ ಬಂದು ನನ್ನ ಕೈಯಾಗಿನ ನೀರ ಕುಡದು, ನನ್ನ ಹೊಲಾನ ಅಳ್ಯಾಕತ್ತಿದ್ದೆಲ್ಲ ತಂಗಿ."

ದಾನೇಶ್ವರಿಗೆ ನಗು ಬರಬೇಕಿತ್ತು, ಬರಲಿಲ್ಲ. ಎಂಟು ದಿನ ಮುದುಕಿಯ ಮನೆಯಲ್ಲಿ ಒಲೆ ಸರಿಯಾಗಿ ಉರಿದಿರಲಿಲ್ಲ. ರೇವಪ್ಪ ಕೆಲಸ ಬಿಟ್ಟು ಕಚೇರಿಗಳಿಗೆ ಅಲೆದಿದ್ದ. ಅಳತೆ ಯಾರದೆಂದು ಎಲ್ಲಿ ಕೇಳಿದರೂ ಗೊತ್ತಿಲ್ಲ ಎಂದಿದ್ದರು. ಕಚೇರಿಯವರೇ ಗೊತ್ತಿಲ್ಲ ಎಂದ ಮೇಲೆ ಹೊಲ ಹೋಗುವುದು ಖಾತ್ರಿ ಎಂದು ತಾಯಿ ಮಗ ಇಬ್ಬರೂ ತೀರ್ಮಾನಿಸಿದ್ದರು. ನೆಲ ಕಳೆದುಕೊಂಡವರು ಬೇರೆ ಹೇಗೆ ತೀರ್ಮಾನಿಸಿಯಾರು?

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಖಾಕಿ ಬಸ್ಸಿನದು, ಸುಣ್ಣ ಮನೆಯದು, ಕಲ್ಲು ಹುಡುಗಿಯರು ದಾರಿ ತಪ್ಪದಿರಲೆಂದು ಇಟ್ಟದ್ದು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಹಗುರ ಅನ್ನಿಸಿತು. ದಾನೇಶ್ವರಿ ಆ ಬಿಸಿಲಲ್ಲೇ ಗುಡ್ಡದ ತನಕ ನಡೆದು, ಒಂದೊಂದೇ ಕಲ್ಲು ಹೊತ್ತು ತಂದು ಹಳ್ಳಕ್ಕೆ ಎಸೆದಳು. ಕೊನೆಯ ಕಲ್ಲಿಗೆ, ಅಷ್ಟರಲ್ಲಿ ಹೊಲಕ್ಕೆ ಬಂದ ರೇವಪ್ಪ ಕೈಹಚ್ಚಿದ.

"ಮುಳ್ಳು ತಗೀಲೇನವ್ವಾ?" ಎಂದು ಅವನು ಕೇಳಿದ.

"ಇರಲಿ" ಎಂದಳು ಸಿದ್ದಲಿಂಗವ್ವ.

ಆ ಒಂದು ಮಾತು ದಾನೇಶ್ವರಿಯನ್ನು ಬೇಸಿಗೆಯುದ್ದಕ್ಕೂ ಚುಚ್ಚಿತು. ರಜೆಯ ದಿನ ಡಾಂಬರಿನ ಮೇಲೆ ಸೈಕಲ್ ಹೊಡೆದು ಬರುತ್ತಿದ್ದಳು, ಉಪ್ಪಿಲ್ಲದ ಊಟದ ಹಾಗೆ. ಕಂಡವರ ಮುಂದೆಲ್ಲ "ನನ್ನ ದಾರಿ" ಎಂದು ಹೇಳಿಕೊಂಡು ತಿರುಗಿದ್ದು ನೆನಪಾಗಿ ನಾಚಿಕೆಯಾಗುತ್ತಿತ್ತು. ಕುರಿ ಕಾಯುವವರು, ಹೊಲದ ಕಸ ಕೀಳಲು ಹೋಗುವ ಹೆಂಗಸರು, ಬುತ್ತಿ ಹೊತ್ತವರು ತುಳಿದು ತುಳಿದು ಆದ ದಾರಿ ಅದು. ಅದರಲ್ಲಿ ವಾರಕ್ಕೊಮ್ಮೆ ಉರುಳಿ ಹೋಗುವವಳು ಬೇರೆಯವರ ಹೊಲದಲ್ಲಿ ಗುರುತು ಹಾಕುವ ಮುನ್ನ ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ದಾರಿ ಹೋದದ್ದಕ್ಕಿಂತ ಆ ತಂಬಿಗೆ ಮುಂದೆ ಬರದಿದ್ದದ್ದು ಹೆಚ್ಚು ನೋಯಿಸುತ್ತಿತ್ತು.

ಬಿತ್ತಿಗೆ ಶುರು ಮಾಡಿಸುವ ಮಿರಗದ ಮಳೆ ಬಿದ್ದಿತು. ಎತ್ತುಗಳು ಹೊಲಕ್ಕಿಳಿದವು. ಬಸ್ಸಿನ ಕಿಟಕಿಯಿಂದ ಕೂರಿಗೆಗಳನ್ನು ಕಾಣುವಾಗ, ಬಿತ್ತಿದ ಮೇಲೆ ಆ ಹೊಲದಲ್ಲಿ ದಾರಿ ಎಂಬುದೇ ಇರುವುದಿಲ್ಲ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಉಳಿದವರು ಬದು ಸುತ್ತಿ ಹೋಗುತ್ತಾರೆ, ಮುಳ್ಳಿನ ಮಾತೂ ಅಲ್ಲಿಗೆ ಮುಗಿಯುತ್ತದೆ.

ಬಿತ್ತಿಗೆ ಮುಗಿದು ಹದಿನೈದು ದಿನ ಕಳೆದಿರಬಹುದು. ಇಂಗಳೇಶ್ವರದಲ್ಲಿ ಸಿದ್ದಲಿಂಗವ್ವ ಬಸ್ಸು ಹತ್ತಿದಳು. ಗುರುತಿನವಳ ಮುಂದೆಯೂ ಆಧಾರ್ ಕಾರ್ಡನ್ನು ಠೀವಿಯಿಂದ ಹಿಡಿದಳು. ದಾನೇಶ್ವರಿ ಹೆಂಗಸರ ಪುಕ್ಕಟೆ ಚೀಟಿ ಹರಿದು ಕೊಟ್ಟಳು.

"ಕಾಳು ನಾಟಿ ಮ್ಯಾಲ ಎದ್ದಾವ" ಎಂದಳು ಮುದುಕಿ, ಕಿಟಕಿಯ ಕಡೆ ನೋಡುತ್ತ. "ನೋಡಿ ಹೋಗು ಬಾ."

"ಬರ್ತೇನ್ರಿ ಆಯಿ."

"ಆ ನಿನ್ನ ಸೈಕಲ್ಲನೂ ತಗೊಂಡ ಬಾ."

ರಜೆಯ ದಿನ ಹೋದಳು. ಹಿಂದಿನ ದಿನಗಳಲ್ಲಿ ಮಳೆ ಇಲ್ಲದೆ ಎರಿಮಣ್ಣು ಮೇಲೆ ಒಣಗಿತ್ತು, ಗಾಲಿಗೆ ಅಂಟುತ್ತಿರಲಿಲ್ಲ. ಮುಳ್ಳು ಇರಲಿಲ್ಲ. ಬೆಳೆಯ ಮೇಲೆ ಹಾಯುವುದುಂಟೇ ಎಂದು ಸೈಕಲ್ಲನ್ನು ಬದುವಿನಲ್ಲೇ ಬಿಡಲು ಹೊರಟವಳು ತಲೆ ಎತ್ತಿ ನೋಡಿ ಹಾಗೇ ನಿಂತಳು. ತೊಗರಿ ಗೇಣುದ್ದ ಎದ್ದಿತ್ತು. ಸಾಲುಗಳೆಲ್ಲ ಗೆರೆ ಎಳೆದ ಹಾಗೆ ನೆಟ್ಟಗಿದ್ದವು. ಆದರೆ ಪ್ರತಿಯೊಂದು ಸಾಲೂ ಒಂದು ಕಡೆ ಮೊಳದಷ್ಟು ಕಡಿದು ಮತ್ತೆ ಶುರುವಾಗಿತ್ತು. ಆ ಕಡಿತಗಳೆಲ್ಲ ಸೇರಿ ಹಸುರಿನ ನಡುವೆ ಒಂದು ಕರಿಯ ದಾರಿ, ಓರೆಯಾಗಿ, ಬೇವಿನ ಗಿಡದ ಹತ್ತಿರ ತುಸು ಬಾಗಿ, ಹಳ್ಳದ ಕಡೆಗೆ ಹೊರಟಿತ್ತು.

ರೇವಪ್ಪ ಸಾಲುಗಳ ನಡುವೆ ಎಡೆ ಹೊಡೆಯುವುದನ್ನು ನಿಲ್ಲಿಸಿ ಹತ್ತಿರ ಬಂದ. "ನಮ್ಮವ್ವಂದ ಕೆಲಸರಿ ಇದು. ಸಾಲ ಇಲ್ಲಿಗೆ ಬಂತಂದ್ರ ಸಾಕು, ಕಾಳ ಬೀಳದಂಗ ಮುಷ್ಟಿ ಬಿಗಿ ಹಿಡೀತಿದ್ಲು. ಹೊಲಾ ಹಾಳ ಮಾಡಾಕತ್ತಿ ಅಂತ ಬೈದೆ. ನನ್ನ ಮಾತ ಯಾವಾಗ ಕೇಳ್ಯಾಳ್ರಿ?"

ನೆಲ ಹೋಗುತ್ತದೆಂದು ಅನ್ನ ಬಿಟ್ಟಿದ್ದ ಮುದುಕಿ ಸಾಲು ಸಾಲಿಗೂ ದಾನೇಶ್ವರಿಗಾಗಿ ಮೊಳ ಮೊಳ ನೆಲ ಬಿಟ್ಟಿದ್ದಳು. ಸಿದ್ದಲಿಂಗವ್ವ ಬೇವಿನ ಗಿಡದಿಂದ ತಂಬಿಗೆ ಹಿಡಿದುಕೊಂಡು ಬಂದಳು. ಬೆಲ್ಲವೂ ಇತ್ತು.

"ಸಾವಕಾಶ ಹೋಗು" ಎಂದಳು. "ಕಡೀ ಸಾಲಿಗೆ ಕೈ ಸೋತಿತ್ತು. ನಾಕ ಕಾಳ ಜಾರಿ ದಾರ್ಯಾಗ ಬಿದ್ದಾವ. ಅವನ್ನ ತುಳೀಬ್ಯಾಡ."

ದಾನೇಶ್ವರಿ ನೀರು ಕುಡಿದು ಸೈಕಲ್ ಏರಿದಳು. ಎರಡೂ ಕಡೆ ತೊಗರಿಯ ಎಲೆ ಕಾಲಿಗೆ ತಾಕದಷ್ಟೇ ದೂರದಲ್ಲಿತ್ತು. ಹೊಲದ ಕೊನೆಗೆ ಬಂದಾಗ ದಾರಿಯ ನಟ್ಟನಡುವೆ ನಾಲ್ಕು ಸಸಿಗಳು ಎದ್ದು ನಿಂತಿದ್ದವು. ಅವಳು ಇಳಿದು, ಸೈಕಲ್ಲನ್ನು ಹೆಗಲಿಗೆ ಎತ್ತಿಕೊಂಡು, ಅವುಗಳನ್ನು ದಾಟಿ ಹೋದಳು.