ಗೋಂದಪ್ಪನ ಗಿಡ

ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸುವುದು ಅವನ ಕೆಲಸ. ಸಸ್ಯ ಸಂಗ್ರಹಾಲಯದಲ್ಲಿ ಎಲ್ಲರಿಗೂ ಅವನು ಗೋಂದಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತಿತ್ತು. ಅವನು ಅಂಟಿಸಿದ್ದು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಒಮ್ಮೆ ಅಂಟಿಸಲು ಬಂದ ಹುಲ್ಲಿನ ಬುಡದ ಮಣ್ಣು ಬಿಡಿಸುವಾಗ, ಬೇರುಗಳ ನಡುವೆ ಬೆರಳುದ್ದವೂ ಇಲ್ಲದ, ನೇರಳೆ ಹೂವಿನ ಗಿಡವೊಂದು ಸಿಕ್ಕಿತು. ಸಾಸಿವೆಗಿಂತ ಸಣ್ಣ ಚೀಲಗಳನ್ನು ಮಣ್ಣೊಳಗೆ ಬಚ್ಚಿಟ್ಟು, ಹಾದುಹೋಗುವ ಜೀವಿಗಳನ್ನು ಗುಳುಂ ಮಾಡುವ ಯುಟ್ರಿಕ್ಯುಲೇರಿಯಾ ಕುಲದ್ದು. ಆಗಿನ ದೊಡ್ಡ ಸಾಹೇಬರು ಹೊಸ ಪ್ರಭೇದವೆಂದು ಸಾರಿ, ಖುಷಿಯ ಭರದಲ್ಲಿ ಕುಲದ ಹೆಸರಿನ ಜೊತೆ ಅವನ ಹೆಸರಿಗೇ ಲ್ಯಾಟಿನ್ ಬಾಲ ಕಟ್ಟಿ ಸೇರಿಸಿದರು.

ಆ ಹೆಸರನ್ನವನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ, ತಾನೇ ಕಾಯಿಸಿದ ಗೋಂದಿನಿಂದ ಮನೆಯ ಬಾಗಿಲಿಗೆ ಅಂಟಿಸಿದ.

"ಮಾಂಸ ತಿನ್ನೋ ಗಿಡಕ್ಕೆ ನಿಮ್ಮ ಹೆಸರು. ಸರಿಯಾಗೇ ಇದೆ, ನನ್ನ ಜೀವ ತಿಂದ ಅನುಭವ ಇದೆಯಲ್ಲ," ಎಂದಳು ಹೆಂಡತಿ.

ಆದರೆ ಎಂದೂ ಕೂತ್ಕೋ ಎನ್ನದಿದ್ದ ಭಾವಮೈದ ಅಂದಿನಿಂದ ಕುರ್ಚಿ ಎಳೆದು ಕೊಡತೊಡಗಿದ. ಗೋಂದಪ್ಪನಿಗೆ ಕುರ್ಚಿಯ ರುಚಿ ಹತ್ತಿತು.

ಸಾಹೇಬರು ಹೋಗಿ ಮೇಡಂ ಬಂದರು. ಚೀಲ, ಬೀಜಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಹೊಸತೇ ಅಲ್ಲ, ತೇವದ ನೆಲದಲ್ಲೆಲ್ಲ ಬೆಳೆಯುವ ಹಳೆಯ ಪ್ರಭೇದದ ಬಡಕಲು ಗಿಡ ಎಂದು ತೀರ್ಮಾನಿಸಿದರು. ಒಂದೇ ಗಿಡಕ್ಕೆ ಎರಡು ಹೆಸರಾದರೆ ಮೊದಲಿಟ್ಟದ್ದೇ ಊರ್ಜಿತ, ಆಮೇಲಿನದು ರದ್ದು. ಆ ತೀರ್ಪಿನ ಚೀಟಿಯನ್ನು ಅದೇ ಹಾಳೆಗೆ ಅಂಟಿಸಬೇಕಾದವನು ಗೋಂದಪ್ಪನೇ.

"ಹಿಂದುಗಡೆ ಅಂಟಿಸ್ಲಾ, ಮೇಡಂ?"

"ಹಿಂದೆ ಹಚ್ಚಿದ್ರೆ ಯಾರಿಗೆ ಕಾಣುತ್ತೆ? ಮುಂದೇನೇ ಹಾಕಿ. ಬಡಕಲು ಅಂತ ಎಲ್ಲರಿಗೂ ಗೊತ್ತಾಗ್ಲಿ."

ಅವನು ಗೋಂದಿಗೆ ನೀರು ಬೆರೆಸಿದ. ಚೀಟಿ ಉದುರಿ ಕಳೆದುಹೋದರೆ ಹಾಳೆಯ ಮೇಲೆ ತನ್ನ ಹೆಸರೊಂದೇ ಉಳಿದೀತೆಂಬ ಆಸೆ. ಚೀಟಿ ಉದುರಿತು, ನಿಜ. ಉದುರಿದ್ದು ಮಾತ್ರ, ಮೇಡಂ ಹೊರಗಿನ ವಿದ್ವಾಂಸರಿಗೆ ಹಾಳೆ ಎತ್ತಿ ತೋರಿಸುತ್ತಿದ್ದಾಗ.

"ಇವ್ರ ಗೋಂದೂ ಮುಗೀತು ನೋಡಿ," ಎಂದರು ಮೇಡಂ. ವಿದ್ವಾಂಸರು ನಕ್ಕರು.

ಬೇಕೆಂದೇ ಮಾಡಿದೆ ಎಂದರೆ ನೌಕರಿ ಹೋಗುತ್ತಿತ್ತು. ನೌಕರಿ ಉಳಿಸಿಕೊಂಡ; ಕೈಗುಣದ ಹೆಸರು ಹೋಯಿತು. ಬ್ರಷ್ ಕಸಿದು ಧೂಳು ಹೊಡೆಯುವ ಬಟ್ಟೆ ಕೊಟ್ಟರು. ಚೀಟಿಯನ್ನು ಮೇಡಂ ತಾವೇ ಅಂಟಿಸಿದರು, ಸೊಟ್ಟಗೆ.

ಸುದ್ದಿ ಭಾವಮೈದನಿಗೂ ಮುಟ್ಟಿತು. ಮನೆಗೇ ಬಂದು, ಫಲಕ ತೆಗೆದುಬಿಡೋಣ ಭಾವ, ಸುಮ್ಮನೆ ಯಾಕೆ ನಗೆಪಾಟಲು ಎಂದು ಉಳಿ ಹಿಡಿದು ಕೂತ. ಮೀಟಿದ, ಕೆರೆದ, ಬೆವರಿದ. ಹಿತ್ತಾಳೆ ಮಿಸುಕಲಿಲ್ಲ, ಅದು ನೀರು ಬೆರೆಸದ ಗೋಂದು.

"ಬಿಡೋ, ಬಾಗಿಲೇ ಕಿತ್ತು ಬಂದೀತು," ಎಂದಳು ಹೆಂಡತಿ. "ಇರ್ಲಿ. ನಗೋಕೆ ಬರೋರಿಗೆ ಮನೆ ಗುರುತು ಬೇಡ್ವಾ?"