ಶಿಲುಬೆಯ ಪಾತಿ

ಗಂಡ ತೀರಿಕೊಂಡ ಮರುವರ್ಷ, ತೊಂಬತ್ತರ ದಶಕದಲ್ಲಿ, ನನಗೆ ಕೂಡ್ಲಿಗಿ ಸೀಮೆಯ ಒಂದು ಹಳ್ಳಿಗೆ ನರ್ಸಾಗಿ ವರ್ಗವಾಯಿತು. ಅವರನ್ನು ಮಣ್ಣು ಮಾಡಿದ್ದು ಅವರ ಹುಟ್ಟೂರಾದ ಕೋಲಾರದ ಕಡೆ. ಅಲ್ಲಿಗೆ ಹೋಗಬೇಕೆಂದರೆ ಇಡೀ ದಿನದ ಪ್ರಯಾಣ. ಭಾನುವಾರದ ಚರ್ಚಿನ ಪೂಜೆಗೂ ಹೊಸಪೇಟೆ ಬಸ್ಸು ಹಿಡಿಯಬೇಕು. ಆ ಬಸ್ಸೋ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಗಲೆಲ್ಲ ಊರಿಗೇ ಸೂಜಿ ಚುಚ್ಚಿ, ಸಂಜೆ ಬಾಡಿಗೆ ಮನೆಯ ಬೀಗ ತೆಗೆದರೆ, ಬಂದೆಯಾ ಅನ್ನುವವರು ಒಬ್ಬರೂ ಇರಲಿಲ್ಲ.

ಅದಕ್ಕೇ, ಕೂತು ಪ್ರಾರ್ಥನೆ ಮಾಡಲೆಂದು ಹಿತ್ತಲಲ್ಲಿ ಒಂದು ತೋಟ ಮಾಡಿದೆ. ಶಿಲುಬೆಯ ಆಕಾರದಲ್ಲಿ ಪಾತಿ ತೋಡಿ, ಸುತ್ತ ಕಲ್ಲು ಜೋಡಿಸಿ ಸುಣ್ಣ ಬಳಿದೆ. ತಲೆಯ ಕಡೆ, ಮುಳ್ಳಿನ ಕಿರೀಟದ ನೆನಪಿಗೆ, ಕೆಂಪು ಹೂವಿನ ಒಂದು ಮುಳ್ಳುಗಿಡ. ಮಾತೆ ಮರಿಯಳಿಗೆ ಲಿಲ್ಲಿ ಹೂವಾಗಬೇಕು. ಈ ಬಿಸಿಲಲ್ಲಿ ಲಿಲ್ಲಿಯನ್ನು ಎಲ್ಲಿಂದ ತರಲಿ? ಹಡಗಲಿ ಮಲ್ಲಿಗೆಯನ್ನೇ ಒಪ್ಪಿಸಿಕೋ ತಾಯಿ ಅಂದೆ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಿಗೆಂದು ಹನ್ನೆರಡು ಚೆಂಡುಹೂವಿನ ಸಸಿ ನೆಟ್ಟರೆ ಒಂದು ಒಣಗಿತು. ಹಾಳಾಗಿ ಹೋಗಲಿ, ಅದು ಗುರುವನ್ನೇ ಹಿಡಿದುಕೊಟ್ಟ ಯೂದ ಅಂತ ಬಿಟ್ಟೆ. ಎದುರಿಗೆ ಒಬ್ಬರು ಕೂರುವಷ್ಟು ಒಂದು ಚಪ್ಪಡಿ ಹಾಕಿಸಿದೆ.

ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಹಣೆತುಂಬ ವಿಭೂತಿ, ಕೈಯಲ್ಲಿ ತಂಬಿಗೆ ಸಮೇತ ಸೀದಾ ಹಿತ್ತಲಿಗೆ ಬಂದಳು. ಪಾತಿಯ ತುದಿಗೆ ನೀರು ಹಾಕಿ, ಬಿಲ್ವಪತ್ರೆ ಇಟ್ಟು ಕೈಮುಗಿದಳು. ನನಗೆ ರೇಗಿಹೋಯಿತು.

"ಅಜ್ಜೀ, ಇದೇನ್ರಿ ಮಾಡಾಕತ್ತೀರಿ?"

"ಸಿಟ್ಯಾಕವ್ವಾ? ನಮ್ಮ ಯಜಮಾನಂದೂ ಹೊಲದಾಗ ಗದ್ದಿಗಿ ಐತಿ. ನೀ ನಿನ್ನ ಗಂಡನ್ನ ಕಣ್ಣ ಮುಂದ ಇಟ್ಕಂಡಿ. ಚಲೋ ಮಾಡ್ದಿ ಬಿಡು."

ಆಗ ಪಾತಿಯನ್ನು ನೋಡಿದೆ. ಅಯ್ಯೋ ದೇವರೇ! ಆರಡಿ ಉದ್ದ, ಸುಣ್ಣದ ಕಲ್ಲು, ಮೇಲೆ ಹೂವು. ತೋಟ ಮಾಡುತ್ತೇನೆಂದು ಹೋಗಿ ನನ್ನ ಕೈಯಾರೆ ಸಮಾಧಿ ಕಟ್ಟಿದ್ದೆ. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ, "ಉಂಡಿಯೇನವ್ವಾ?" ಅಂದಳು. ಆ ಊರಿಗೆ ಬಂದಮೇಲೆ ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ. ನಿಜವನ್ನು ನುಂಗಿಕೊಂಡೆ.

ಆಮೇಲೆ ಪ್ರತಿ ಸೋಮವಾರ ಅಜ್ಜಿ ಬರುತ್ತಿದ್ದಳು. ಸೆರಗಿನಡಿ ಒಮ್ಮೆ ರೊಟ್ಟಿ, ಒಮ್ಮೆ ಶೇಂಗಾ ಚಟ್ನಿ. ನಾನು ಭಾನುವಾರದಿಂದಲೇ ಬಾಗಿಲು ನೋಡುತ್ತಿದ್ದೆ. ಬರಿಯ ಮಣ್ಣಿಗೆ ಆಕೆಯಿಂದ ಕೈಮುಗಿಸಿ ರೊಟ್ಟಿ ತಿನ್ನುತ್ತಿದ್ದೇನಲ್ಲ ಅಂತ ನಾಚಿಕೆಯೂ ಆಗುತ್ತಿತ್ತು. ಹೇಳಿಬಿಟ್ಟರೆ ಆಕೆ ಇನ್ನು ಯಾಕೆ ಬಂದಾಳು?

ನವೆಂಬರಿನಲ್ಲಿ, ನಮ್ಮವರು ಸತ್ತವರ ಗೋರಿಗೆ ಹೂವು, ಮೇಣದ ಬತ್ತಿ ಇಡುವ ದಿನ ಬಂತು. ಲಸಿಕೆ ಹಾಕುವ ವಾರ, ನನಗೆ ರಜೆಯಿಲ್ಲ. ಕೋಲಾರದಲ್ಲಿ ಅವರ ಗೋರಿ ಬೋಳಾಗಿ ಬಿದ್ದಿರುತ್ತದೆ ಅಂತ ಬೆಳಗಿನಿಂದ ಕೊರಗುತ್ತಿದ್ದೆ. ಅದೂ ಸೋಮವಾರವೇ. ಅಜ್ಜಿ ನೀರು ಹಾಕುತ್ತಾ, "ನಿನ್ನ ಗಂಡ ತಣ್ಣಗಿರ್ಲಿ" ಅಂದಳು. ನನಗೆ ತಡೆಯಲಾಗಲಿಲ್ಲ.

"ಅಲ್ಲಿ ಯಾರೂ ಇಲ್ರಿ ಅಜ್ಜಿ! ಬರೇ ಮಣ್ಣೈತಿ! ಅವರು ಕೋಲಾರದಾಗ ಅದಾರ!"

ಅಂದುಬಿಟ್ಟೆ. ಮುಗಿಯಿತು, ಇದ್ದ ಒಂದು ಜೀವವನ್ನೂ ಓಡಿಸಿದೆ.

ಅಜ್ಜಿ ತಂಬಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ಮತ್ತ ದಿನಾ ಸಂಜಿಮುಂದ ಇಲ್ಲಿ ಕುಂತು ಯಾರ ಜೋಡಿ ಮಾತಾಡ್ತಿ? ನಮ್ಮ ಮನಿತನಕ ಕೇಳಿಸ್ತತಿ."

ಪ್ರಾರ್ಥನೆ ಅನ್ನಲು ಹೋದೆ. ಆದರೆ "ಇವತ್ತು ಸಾರಿಗೆ ಉಪ್ಪು ಜಾಸ್ತಿಯಾಯ್ತು ರೀ", "ಮೊಣಕಾಲು ನೋಯ್ತಾ ಇದೆ ರೀ" ಅಂತ ಯೇಸುಸ್ವಾಮಿಗೆ ಯಾರು ಹೇಳುತ್ತಾರೆ?

"ಅವರ ಜೋಡಿನ" ಅಂದೆ.

"ಹಂಗಾರ ಇಲ್ಲೇ ಅದಾರ ಬಿಡು" ಅಂದು ಅಜ್ಜಿ ಉಳಿದ ನೀರನ್ನೂ ಪಾತಿಗೆ ಹುಯ್ದಳು.

ನಾನು ಚಪ್ಪಡಿಯ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ. ಅವರು ಹೋದಮೇಲೆ ಇನ್ನೊಬ್ಬರೆದುರು ಅತ್ತದ್ದು ಅದೇ ಮೊದಲು.