ನೀರು ಹಾಕಬೇಡಿ ಎನ್ನುವ ಮಾಲಿ

ಬೆಳಗಿನ ನಾಲ್ಕೂವರೆ. ಸ್ವೀಡನ್ನಿನ ಜೂನ್ ತಿಂಗಳಲ್ಲಿ ಇದನ್ನು ಮುಂಜಾವು ಎನ್ನಲು ಸ್ವಲ್ಪ ಧೈರ್ಯ ಬೇಕು. ಸೂರ್ಯ ಆಗಲೇ ಎದ್ದು ಬಿಸಿಲು ಹರಡಿ ಕೂತಿದ್ದಾನೆ. ಸ್ಯಾಂಡ್‌ವಿಕೆನ್ ಪಟ್ಟಣದಲ್ಲಿ, ಉಕ್ಕಿನ ಕಾರ್ಖಾನೆಯತ್ತ ಹೋಗುವ ರಸ್ತೆಯ ಸರ್ಕಲ್‌ನ ನಟ್ಟನಡುವೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬರು ಜಲ್ಲಿಕಲ್ಲಿನ ಮೇಲೆ ಮಂಡಿಯೂರಿದ್ದಾರೆ. ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದ್ದಾರೆ. ದೂರದಿಂದ ನೋಡಿದವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಳ್ಳಬೇಕು.

"ಬನ್ನಿ, ಬನ್ನಿ. ಆ ಕಡೆ ಕಾಲಿಡ್ಬೇಡಿ, ಈ ಕಲ್ಲಿನ ಮೇಲೆ ಬನ್ನಿ. ನಿನ್ನೆ ಫೋನಲ್ಲಿ ಹೇಳಿದ್ನಲ್ಲ, ಮೊಗ್ಗು ಬಣ್ಣ ತಿರುಗಿದೆ ಅಂತ? ಈಗ ನೋಡಿ."

ನಾನೂ ಮಂಡಿಯೂರುತ್ತೇನೆ. ಬೂದು ಹಸಿರಿನ ಪುಟ್ಟ ಎಲೆಗಳ ಚಾಪೆ. ಅದರಿಂದ ಗೇಣುದ್ದದ ಕಡ್ಡಿಗಳು, ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳ ಗೊಂಚಲು. ಒಂದು ಗೊಂಚಲಿನಲ್ಲಿ ನಾಲ್ಕಾರು ಮೊಗ್ಗು ಬಾಯಿ ಬಿಟ್ಟಿವೆ. ಒಳಗೆ ಹಳದಿ! ಅರಿಶಿನದಷ್ಟು ಗಾಢವಲ್ಲ, ನಿಂಬೆಯಷ್ಟು ತಿಳಿಯೂ ಅಲ್ಲ. ಸ್ಟಾಕ್‌ಹೋಮ್‌ನಿಂದ ಕೊನೆಯ ರೈಲು ಹಿಡಿದು ಬಂದು, ಇವರ ಮನೆಯ ಸೋಫಾದ ಮೇಲೆ ಅರೆಬರೆ ನಿದ್ದೆ ಮಾಡಿದ್ದು ನನಗೆ ಮರೆತೇ ಹೋಗುತ್ತದೆ.

ಇವರು ಮಹಾಬಲೇಶ್ವರ. ಇಲ್ಲಿನ ಕನ್ನಡದ ಮನೆಗಳಿಗೆ ಮಹಾಬಲಣ್ಣ, ಸ್ವೀಡಿಶ್ ಸಹೋದ್ಯೋಗಿಗಳಿಗೆ ಬರೀ 'ಮಹಾ'. ಕಮ್ಯೂನ್, ಅಂದರೆ ಇಲ್ಲಿನ ಪುರಸಭೆಯ ಉದ್ಯಾನ ವಿಭಾಗದಲ್ಲಿ ಮಾಲಿ. ಎದುರಿಗಿರುವ ಗಿಡ ಕಾಡು ಬಕ್‌ವೀಟ್. ಅಮೆರಿಕದ ಪಶ್ಚಿಮ ಭಾಗದ ಒಣ ಗುಡ್ಡಗಳ ಸ್ವಂತ ಗಿಡ. ತಿಂಗಳುಗಟ್ಟಲೆ ಮಳೆ ಇಲ್ಲದಿದ್ದರೂ ತಲೆ ಕೆಡಿಸಿಕೊಳ್ಳದ ಜಾತಿ. ಉತ್ತರ ಭಾರತದಲ್ಲಿ ಉಪವಾಸಕ್ಕೆ ಹಿಟ್ಟು ಮಾಡಿ ತಿನ್ನುವ ಬಕ್‌ವೀಟ್‌ಗೆ ಇದು ದೂರದ ನೆಂಟ, ಅಷ್ಟೇ.

ಇವತ್ತು ಈ ಸರ್ಕಲ್‌ನ ಹಣೆಬರಹ ತೀರ್ಮಾನವಾಗುವ ದಿನ. ಏಳು ಗಂಟೆಗೆ ಉದ್ಯಾನ ವಿಭಾಗದ ಮುಖ್ಯಸ್ಥೆ ಬೆರಿಟ್ ಬರುತ್ತಾರೆ. ಅವರು ಒಪ್ಪಿದರೆ ಮಹಾಬಲೇಶ್ವರರ ಗಿಡಗಳು ಇಲ್ಲೇ ಉಳಿಯುತ್ತವೆ. ಒಪ್ಪದಿದ್ದರೆ ಎಲ್ಲವನ್ನೂ ಕಿತ್ತು, ಜಲ್ಲಿ ತೆಗೆದು, ಹುಲ್ಲುಹಾಸು. ಹುಲ್ಲಿನ ಸುರುಳಿಗಳು ಡಿಪೋಗೆ ಬಂದು ಬಿದ್ದೂ ಆಗಿದೆ.

"ಬೆರಿಟ್ ಕೆಟ್ಟವಳಲ್ಲ," ಎನ್ನುತ್ತಾರೆ. "ಅವಳು ಹೇಳಿದ್ದು ಎರಡೇ. ನೀರಿಲ್ದೆ ಬದುಕ್ಬೇಕು. ಮತ್ತೆ, ನೋಡಿದವ್ರಿಗೆ ಇದು ನಾವು ಬೆಳೆಸಿದ ಜಾಗ ಅನ್ನಿಸ್ಬೇಕು, ನಾವು ಮರೆತ ಜಾಗ ಅಂತ ಅನ್ನಿಸ್ಬಾರ್ದು. ಮೊದಲನೇದು ಆಗಿದೆ. ಎರಡನೇದಕ್ಕೆ ಹೂ ಬೇಕಿತ್ತು."

ಆ ಹೂವು, ನೋಡಿ, ಇವತ್ತೇ ಬರಬೇಕೆ!

ಮಹಾಬಲೇಶ್ವರ ಹುಟ್ಟಿದ್ದು ಗೋಕರ್ಣದ ಸಮೀಪ, ಉಪ್ಪು ಬೆಳೆಯುವ ಆಗರಗಳ ಪಕ್ಕದಲ್ಲಿ. ಅಪ್ಪ ಆಗರದಲ್ಲಿ ಉಪ್ಪು ಎಳೆಯುತ್ತಿದ್ದರು. ಸುತ್ತ ಬಿಳಿ ಉಪ್ಪು, ಕೆಸರು, ಬಿಸಿಲು. ಆದರೂ ಆಗರದ ಬದುವಿನ ಮೇಲೆ ಅದು ಹೇಗೋ ಒಂದು ದಪ್ಪ ಎಲೆಯ ಗಿಡ ಹಬ್ಬಿಕೊಂಡಿರುತ್ತಿತ್ತಂತೆ. ಹುಡುಗನಾಗಿದ್ದಾಗ ಅದನ್ನೇ ನೋಡುತ್ತ ಕೂರುತ್ತಿದ್ದರು. "ಅದಕ್ಕೆ ಯಾರೂ ನೀರು ಹಾಕಿದ್ದಲ್ಲ, ಗೊಬ್ಬರ ಹಾಕಿದ್ದಲ್ಲ. ನಂಗೆ ಅಂಥ ಗಿಡ ಕಂಡ್ರೆ ಆಗಿಂದ್ಲೂ ಒಂಥರಾ ಗೌರವ," ಎಂದು ನಗುತ್ತಾರೆ.

ಆದರೆ ಬದುಕು ಗಿಡದ ಹತ್ತಿರ ಬರಲು ಬಹಳ ಸುತ್ತು ಹಾಕಿತು. ಕುಮಟೆಯಲ್ಲಿ ಔಷಧಿ ಅಂಗಡಿಯ ಕೆಲಸ. ಹೆಂಡತಿ ಶೋಭನಾ ಲೋಹಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಅವರಿಗೆ ಇಲ್ಲಿ ಸಂಶೋಧನೆಯ ಕೆಲಸ ಸಿಕ್ಕಾಗ ಇವರು ಜೊತೆಗೆ ಬಂದರು. ಮೊದಲ ಚಳಿಗಾಲ ಮನೆಯೊಳಗೆ ಕಳೆದದ್ದನ್ನು ನೆನೆದರೆ ಈಗಲೂ ಅವರ ಮುಖ ಸಪ್ಪಗಾಗುತ್ತದೆ.

"ಮಧ್ಯಾಹ್ನ ಮೂರಕ್ಕೆ ಕತ್ಲೆ. ಅಡಿಗೆ ಮಾಡ್ತಿದ್ದೆ, ಪಾತ್ರೆ ತೊಳೀತಿದ್ದೆ, ಅದ್ರಲ್ಲಿ ನಾಚಿಕೆ ಎಂತದೂ ಇಲ್ಲ. ಆದ್ರೆ ನಮ್ಮವರ ಪಾರ್ಟಿಗೆ ಹೋದ್ರೆ ಎಲ್ರೂ 'ನೀವು ಯಾವ ಪ್ರಾಜೆಕ್ಟು?' ಅಂತ ಕೇಳೋರು. ನಾನು ಉಪ್ಪಿನಕಾಯಿ ಬಡಿಸೋ ನೆಪದಲ್ಲಿ ಒಳಗೆ ಹೋಗ್ಬಿಡ್ತಿದ್ದೆ."

ಸ್ವೀಡಿಶ್ ತರಗತಿಗೆ ಸೇರಿದರು. ಭಾಷೆ ನಾಲಗೆಗೆ ಹತ್ತುವ ಹೊತ್ತಿಗೆ ಕಮ್ಯೂನ್‌ನಲ್ಲಿ ಬೇಸಿಗೆಯ ಕಳೆ ಕೀಳುವ ಕೆಲಸ ಸಿಕ್ಕಿತು. ಬೇಸಿಗೆ ಮುಗಿದರೂ ಇವರನ್ನು ಬಿಡಲಿಲ್ಲ. ತೋಟಪ್ರಿಯರ ಸಂಘವೊಂದರ ಬೀಜ ವಿನಿಮಯದಲ್ಲಿ ಒಂದು ಹಿಡಿ ಕಾಡು ಬಕ್‌ವೀಟ್ ಬೀಜ ಇವರ ಕೈಗೆ ಬಂತು. ಈ ಸರ್ಕಲ್‌ನಲ್ಲಿ ಹಾಕಿದ್ದೆಲ್ಲ ಒಣಗುತ್ತಿದ್ದುದು ಇವರಿಗೆ ಗೊತ್ತಿತ್ತು. ಬೆರಿಟ್ ಮುಂದೆ ಹೋಗಿ ನಿಂತು, ತಡವರಿಸುತ್ತ ತಮ್ಮ ಸ್ವೀಡಿಶ್‌ನಲ್ಲಿ ಇದನ್ನು ಅಲ್ಲಿ ನೆಡಲೇ ಎಂದು ಕೇಳಿಯೇಬಿಟ್ಟರು. ಪರದೇಶದ ಗಿಡ ಹಬ್ಬಿ ಊರು ತುಂಬಿಕೊಂಡೀತೆ ಎಂದು ಆಕೆ ವಿಚಾರಿಸಿದರು. ಓಡುವ ಜಾತಿಯಲ್ಲ, ಕೂತಲ್ಲೇ ಕೂರುವ ಜಾತಿ ಎಂದು ಖಾತ್ರಿಯಾದ ಮೇಲೆ ಹೂಂ ಎಂದರು.

ಈ ಬೀಜಕ್ಕೆ ಒಂದು ಹಟವಿದೆ. ಚಳಿ ತಿನ್ನದೆ ಮೊಳೆಯುವುದಿಲ್ಲ. ಹಾಗಾಗಿ ಕುಂಡಗಳು ಇಡೀ ಚಳಿಗಾಲ ಹಿಮದಡಿ ಹೊರಗೇ ಇರಬೇಕು. ಅಷ್ಟು ಸಾಲದೆಂದು ಒಂದಿಷ್ಟು ಬೀಜವನ್ನು ಒದ್ದೆ ಮರಳಿನಲ್ಲಿ ಕಲೆಸಿ ಮನೆಯ ಫ್ರಿಜ್‌ನಲ್ಲೂ ಇಟ್ಟಿದ್ದರು. "ದೋಸೆ ಹಿಟ್ಟಿನ ಪಕ್ಕದಲ್ಲೇ," ಎಂದು ಶೋಭನಾ ನಿನ್ನೆ ಊಟ ಬಡಿಸುತ್ತ ದೂರಿದ್ದರು. "ಒಂದಿನ ನಿದ್ದೆಗಣ್ಣಲ್ಲಿ ಮರಳಿನ ಡಬ್ಬಿಗೇ ಉಪ್ಪು ಹಾಕಕ್ಕೆ ಹೋಗಿದ್ದೆ. ಇವರು ಅಡುಗೆಮನೆ ಬಾಗಿಲಲ್ಲಿ ನಿಂತು ಕಿರುಚಿದ ಕಿರುಚಾಟ ಇದೆಯಲ್ಲ, ನಮ್ಮ ಮದುವೇಲೂ ಅಷ್ಟು ಗಲಾಟೆ ಇರ್ಲಿಲ್ಲ."

ಮೊದಲ ಸಲ ನೆಟ್ಟಾಗ ಗಿಡಗಳು ಚೆನ್ನಾಗಿಯೇ ಬೇರುಬಿಟ್ಟವು. ಮರುವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ಜುಲೈ ಹುಟ್ಟುತ್ತಲೇ ಮಹಾಬಲೇಶ್ವರ ಹೆಂಡತಿಯ ಜೊತೆ ಕುಮಟೆಗೆ ಹೋದರು, ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತದಲ್ಲಿದ್ದ ಅಕ್ಕನ ಮಗಳ ಮದುವೆಗೆ. ಆಮೇಲೆ ನಡೆದದ್ದನ್ನು ನಮ್ಮವರಲ್ಲದೆ ಬೇರೆ ಯಾರಾದರೂ ಮಾಡಲು ಸಾಧ್ಯವಿತ್ತೇ ಎಂದು ನನಗೆ ಅನುಮಾನ. ಸರ್ಕಲ್‌ಗೆ ಎದುರಾಗಿರುವ ಕಟ್ಟಡದಲ್ಲಿ ಹಾಸನ ಕಡೆಯ ಶಕುಂತಲಾ ಇದ್ದಾರೆ. ಅವರ ಬಾಲ್ಕನಿಯಿಂದ ಗಿಡ ಕಾಣುತ್ತದೆ. ಇದರ ಎಲೆಯ ಬಣ್ಣವೇ ಬೂದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಯ್ಯೋ, ಮಹಾಬಲಣ್ಣನ ಗಿಡ ಒಣಗುತ್ತಿದೆಯಲ್ಲ ಎಂದು ಅವರ ಕರುಳು ಚುರುಕ್ ಎಂದಿತು. ಊರಿಗೆ ಹೋದವರ ಗಿಡಕ್ಕೆ ನೀರು ಹಾಕುವುದು ಇಲ್ಲಿನ ನಮ್ಮವರೆಲ್ಲ ತಪ್ಪದೆ ಪಾಲಿಸುವ ಪದ್ಧತಿ. ಅದಕ್ಕೆಂದೇ ಮನೆಯ ಕೀಲಿ ಕೊಟ್ಟು ಹೋಗುತ್ತಾರೆ. ಸರ್ಕಲ್‌ಗೆ ಕೀಲಿಯೂ ಬೇಕಿರಲಿಲ್ಲ. ಶಕುಂತಲಾ ಪರಿಚಯದ ಮನೆಗಳಿಗೆಲ್ಲ ಫೋನ್ ಮಾಡಿದರು. ಇಲ್ಲಿನ ಜುಲೈ ಸಂಜೆ ಮುಗಿಯುವುದೇ ಇಲ್ಲ. ಊಟವಾದ ಮೇಲೆ ವಾಕಿಂಗ್ ಹೊರಟ ನಾಲ್ಕಾರು ಸಂಸಾರಗಳು ಒಂದೊಂದು ಕ್ಯಾನ್ ಹಿಡಿದು, ಬರುವ ಕಾರುಗಳನ್ನು ಕೈ ತೋರಿ ನಿಲ್ಲಿಸಿ, ರಸ್ತೆ ದಾಟಿ, ಗಿಡಗಳಿಗೆ ಹೊಟ್ಟೆ ತುಂಬಾ ನೀರು ಕುಡಿಸಿದವು. ರಜೆ ಮುಗಿಯುವವರೆಗೂ, ಬಿಡದೆ.

ಮಹಾಬಲೇಶ್ವರ ವಾಪಸ್ ಬಂದ ದಿನವೇ ಶಕುಂತಲಾ ಫೋನ್ ಮಾಡಿ, "ಒಂದಿನಾನೂ ತಪ್ಸಿಲ್ಲ ಕಣಣ್ಣ, ಆರಾಮಾಗಿರಿ," ಎಂದರು. ಇವರು ಲಗೇಜ್ ಬಿಚ್ಚದೆ ಓಡಿದರು. ಬೇರು ಕೊಳೆತು ಗಿಡಗಳು ಕಪ್ಪಾಗಿದ್ದವು. ಕೈ ಹಾಕಿದರೆ ಕಿತ್ತು ಬರುತ್ತಿದ್ದವು. ಬದುಕಿದ್ದವು ಮೂರೇ ಮೂರು, ಕ್ಯಾನ್ ಹಿಡಿದವರ ಕೈಗೆ ಎಟುಕದ ನಡುಭಾಗದಲ್ಲಿ, ನೀರು ನಿಲ್ಲದ ಒಂದು ಸಣ್ಣ ಉಬ್ಬಿನ ಮೇಲೆ.

"ಕೋಪ ಬರಲಿಲ್ವಾ?" ಎಂದು ಕೇಳುತ್ತೇನೆ. ನನಗಂತೂ ಕೇಳಿದ್ದಕ್ಕೇ ಬರುತ್ತಿದೆ.

"ಯಾರ ಮೇಲೆ? ನೀರು ಹಾಕ್ಬೇಡಿ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ಸರ್ಕಲ್ಲಿಗೆ ಯಾರು ನೀರು ಹಾಕ್ತಾರೆ ಅಂದ್ಕೊಂಡಿದ್ದೆ." ಕೈಗವಸು ಕಳಚಿ ಜಲ್ಲಿಯ ಮೇಲಿಡುತ್ತಾರೆ. "ಆವತ್ತು ರಾತ್ರಿ ಶಕುಂತಲಕ್ಕ ಊಟಕ್ಕೆ ಕರೆದಿದ್ರು. ಹೋದೆ. ಒಬ್ಬಟ್ಟು ಮಾಡಿದ್ರು, ತಿಂದೆ, ಥ್ಯಾಂಕ್ಸ್ ಅಂದೆ. ಮನೆಗೆ ಬಂದು ಶೋಭನಾ ಹತ್ರ ಅತ್ತೆ. ಮತ್ತೆ ಎಂತ ಮಾಡೂದು?"

ಶಕುಂತಲಾ ಅವರಿಗೆ ವಿಷಯ ತಿಳಿದದ್ದು ವಾರಗಳ ಮೇಲೆ, ಇವರು ಸತ್ತ ಗಿಡ ಕೀಳುವುದನ್ನು ಬಾಲ್ಕನಿಯಿಂದ ಕಂಡು ಕೆಳಗಿಳಿದು ಬಂದು ಕೇಳಿದಾಗ. ಆಕೆ ಅಲ್ಲೇ ರಸ್ತೆ ಬದಿಯಲ್ಲಿ ಕುಸಿದು ಕೂತರಂತೆ. ಈಗ ಆ ಬಾಲ್ಕನಿಯಿಂದಲೇ ಕಾವಲು. ಬಾಟಲಿ ಹಿಡಿದ ಮನುಷ್ಯ ಸರ್ಕಲ್ ಬಳಿ ಸುಳಿದರೆ ಸಾಕು, ಅವನು ಸ್ವಂತ ಬಾಯಾರಿಕೆಗೆ ಕುಡಿಯುತ್ತಿದ್ದರೂ ಮೇಲಿಂದ ಒಂದು ಗದರಿಕೆ ಬೀಳುತ್ತದೆ.

ಬೆರಿಟ್ ಆಗಲೇ ಹುಲ್ಲುಹಾಸಿನ ಮಾತು ಎತ್ತಿದ್ದರು. ಇನ್ನೊಂದೇ ಅವಕಾಶ ಕೊಡಿ ಎಂದು ಮಹಾಬಲೇಶ್ವರ ಬೇಡಿಕೊಂಡರು. ಉಳಿದ ಬೀಜವನ್ನೆಲ್ಲ ಬಿತ್ತಿದರು. ಸುಮಾರು ಇನ್ನೂರು ಸಸಿ ಎದ್ದವು. ಈ ಸಲ ಮಣ್ಣನ್ನು ಅರ್ಧಕ್ಕರ್ಧ ತೆಗೆದು ಜಲ್ಲಿ ತುಂಬಿದರು, ನಡುವೆ ಎತ್ತರ ಮಾಡಿದರು. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಹಿಮದ ಜೊತೆ ಕರಗಿ ಗಿಡದ ಬುಡಕ್ಕೆ ನುಗ್ಗುತ್ತದೆ. ಅದಕ್ಕೆ ಸುತ್ತಲೂ ಆಗರದ ಬದುವಿನಂತೆ ಕಲ್ಲು ಕಟ್ಟಿ, ಉಪ್ಪುನೀರು ಹೊರಕ್ಕೇ ಹರಿಯುವ ಹಾಗೆ ಮಾಡಿದ್ದಾರೆ. ಅಪ್ಪ ಉಪ್ಪನ್ನು ಒಳಗೆ ಹಿಡಿದಿಡಲು ಬದು ಕಟ್ಟುತ್ತಿದ್ದರು, ಮಗ ಹೊರಗಿಡಲು ಕಟ್ಟಿದ್ದಾನೆ. ಮೂರು ಬೇಸಿಗೆ ಇವರು ಊರಿನ ಮುಖ ನೋಡಿಲ್ಲ.

ಆರು ಗಂಟೆ. ಪಾಳಿಗೆ ಹೋಗುವವರ ಸೈಕಲ್ಲುಗಳು ಶುರುವಾಗಿವೆ. ಬಿಸಿಲು ಏರಿದಂತೆ ಒಂದೊಂದೇ ಗೊಂಚಲು ತೆರೆದುಕೊಳ್ಳುತ್ತಿದೆ. ನಾನು ಎಣಿಸುವುದನ್ನು ಬಿಟ್ಟು ಸುಮ್ಮನೆ ನೋಡುತ್ತಿದ್ದೇನೆ. ಇಡೀ ಸರ್ಕಲ್ ಕಣ್ಣೆದುರೇ ಹಳದಿಯಾಗುತ್ತಿದೆ! ಸೈಕಲ್ ಸವಾರನೊಬ್ಬ ಬ್ರೇಕ್ ಹಾಕಿ, ಕಾಲು ಊರಿ ನೋಡಿ, ತಲೆಯಾಡಿಸಿ ಹೋಗುತ್ತಾನೆ. ಅಪರಿಚಿತರ ಎದುರು ಈ ದೇಶದವರು ತಲೆಯಾಡಿಸುವುದೆಂದರೆ ನಮ್ಮಲ್ಲಿ ಪಟಾಕಿ ಹೊಡೆದಂತೆ. ಮಹಾಬಲೇಶ್ವರ ಮಾತ್ರ ಇಲ್ಲದ ಕಳೆಯನ್ನು ಹುಡುಕುತ್ತಿದ್ದಾರೆ.

ಏಳಕ್ಕೆ ಸರಿಯಾಗಿ ಬೆರಿಟ್ ಸೈಕಲ್ ತಳ್ಳಿಕೊಂಡು ಬರುತ್ತಾರೆ. ಬಿಳಿಗೂದಲಿನ ಎತ್ತರದ ಹೆಂಗಸು. ಹಲೋ ಎಂದು, ಒಂದು ಸುತ್ತು ಹಾಕುತ್ತಾರೆ. ಬಗ್ಗಿ ಎಲೆ ಮುಟ್ಟುತ್ತಾರೆ. ಜಲ್ಲಿಯನ್ನು ಬೆರಳಿನಿಂದ ಕೆದಕಿ ಒಳಗೆ ಒಣಗಿದೆಯೇ ನೋಡುತ್ತಾರೆ. ಇನ್ನೊಂದು ಸುತ್ತು. ಮುಖದಲ್ಲಿ ಏನೂ ಕಾಣದು. ಕೊನೆಗೆ ಆಕೆ ಬಾಯಿ ಬಿಟ್ಟು ಹೇಳುವ ಮಾತು: "ಮೊದಲು ಫೀಕಾ."

ಅಂದರೆ ಕಾಫಿ. ಈ ದೇಶದಲ್ಲಿ ಪ್ರಳಯವಾಗುವುದಿದ್ದರೂ ಕಾಫಿ ಕುಡಿದ ಮೇಲೆಯೇ ಆಗಬೇಕು. ಬಸ್ ನಿಲ್ದಾಣದ ಬೆಂಚಿನಲ್ಲಿ ಮೂವರೂ ಕೂರುತ್ತೇವೆ. ಥರ್ಮಾಸ್ ಬರುತ್ತದೆ, ದಾಲ್ಚಿನ್ನಿ ಬನ್ನು ಬರುತ್ತದೆ, ಹವಾಮಾನದ ಮಾತು ಬರುತ್ತದೆ. ಬೆರಿಟ್ ಮೊಮ್ಮಗಳ ಹಲ್ಲು ಬಿದ್ದ ಸುದ್ದಿಯೂ ಬರುತ್ತದೆ. ನನಗೆ ಕಿರುಚಬೇಕೆನಿಸುತ್ತಿದೆ. ಮಹಾಬಲೇಶ್ವರರ ಬನ್ನು ಹಾಗೇ ಇದೆ, ಒಂದು ತುತ್ತೂ ಇಳಿದಿಲ್ಲ.

ಥರ್ಮಾಸ್ ಮುಚ್ಚುತ್ತ, ಅದೇ ದನಿಯಲ್ಲಿ ಬೆರಿಟ್ ಹೇಳುತ್ತಾರೆ: "ಇದು ಇರಲಿ. ಹುಲ್ಲಿನ ಸುರುಳಿಯನ್ನು ಶಾಲೆಯ ಮೈದಾನಕ್ಕೆ ಕಳಿಸುತ್ತೇನೆ. ನಾನು ಪ್ರತಿದಿನ ಈ ದಾರಿಯಲ್ಲೇ ಬರುತ್ತೇನೆ ಮಹಾ. ಇವತ್ತು ದೂರದಿಂದಲೇ ಸೈಕಲ್ ಇಳಿದು ನಡೆದು ಬಂದೆ. ಬೇಗ ದಾಟಿ ಹೋಗಲು ಮನಸ್ಸಾಗಲಿಲ್ಲ."

ನಾನು ಚಪ್ಪಾಳೆ ತಟ್ಟಿಬಿಡುತ್ತೇನೆ. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಾರೆ, ನೋಡಲಿ. ಮಹಾಬಲೇಶ್ವರ "ತಾಕ್, ಬೆರಿಟ್" ಎಂದು ಸ್ವೀಡಿಶ್‌ನಲ್ಲಿ ಒಂದು ಥ್ಯಾಂಕ್ಸ್ ಹೇಳಿ, ಬನ್ನಿಗೆ ಬಾಯಿ ಹಾಕುತ್ತಾರೆ. ಅಗಿಯುತ್ತಿರುವಾಗಲೇ ಕಣ್ಣು ತುಂಬುತ್ತದೆ. ಬೆರಿಟ್ ಅದನ್ನು ನೋಡದವರಂತೆ ಸೈಕಲ್ ಹತ್ತುತ್ತಾರೆ.

ಮುಂದೇನು ಆಸೆ ಎಂದು ಕೇಳುತ್ತೇನೆ. ಪ್ರಶಸ್ತಿ, ಬಡ್ತಿ, ಇನ್ನೊಂದು ಸರ್ಕಲ್, ಏನಾದರೂ ಹೇಳಿಯಾರು ಎಂದು ಪೆನ್ನು ಹಿಡಿದು ಕೂತಿದ್ದೇನೆ. ಸಂತೋಷಕ್ಕೆ ಕುಮಟೆಯ ಮಾತು ಪೂರ್ತಿ ಹೊರಬರುತ್ತದೆ.

"ಈ ಸಲ ಚೌತಿಗೆ ಊರಿಗೆ ಹೋಗ್ಬೇಕು ಮಾರಾಯ್ರೆ. ಅಕ್ಕ ಪ್ರತಿ ಸಲ ಫೋನಲ್ಲಿ ಬೈತಿದ್ಲು, ಗಿಡ ಹೆಚ್ಚೋ ನಾನು ಹೆಚ್ಚೋ ಹೇಳಿ. ಒಂದು ತಿಂಗಳು ಇದ್ದು ಬರ್ತೆ."

ಒಂದು ತಿಂಗಳು ಗಿಡಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ಕೇಳಿಯೇಬಿಡುತ್ತೇನೆ.

ಕೈಗವಸು ಹಾಕಿಕೊಳ್ಳುತ್ತ ಮಹಾಬಲೇಶ್ವರ ನನ್ನತ್ತ ತಿರುಗುತ್ತಾರೆ.

"ಯಾರೂ ನೋಡ್ಕೊಳ್ಳೂದು ಬೇಡ. ಅದಕ್ಕೇ ಅಲ್ದಾ, ಇಷ್ಟು ವರ್ಷ ನಾನು ನೋಡ್ಕೊಂಡದ್ದು?"